‘ಎ’ ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಬೇರೆ

ಇಂಗ್ಲಿಷ್‌ನಲ್ಲಿ ಪ್ರಮಾಣ ಹೇಳುವ ಪದಗಳ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ ಸರ್. ಆದರೆ ‘ಫ್ಯೂ’, ‘ಎ ಫ್ಯೂ’ ಎರಡಕ್ಕೂ ‘ಕೆಲವು’ ಅಂತ ಒಂದೇ ಅರ್ಥ ಕೊಟ್ಟಿದ್ದೀರಿ. ಅದು ಸರಿಯಲ್ಲ. ವಿಜಯಪುರದಲ್ಲಿ ನನ್ನ ಹತ್ತಿರ ಟ್ಯೂಷನ್‌ಗೆ ಬರುವ ಮಕ್ಕಳು ಇಲ್ಲೇ ಜಾಸ್ತಿ ಎಡವುತ್ತಾರೆ. ‘ಐ ಹ್ಯಾವ್ ಎ ಫ್ಯೂ ಫ್ರೆಂಡ್ಸ್’ ಅಂದರೆ ನಾಲ್ಕು ಜನ ಗೆಳೆಯರಿದ್ದಾರೆ ಅನ್ನೋ ಸಮಾಧಾನ. ‘ಎ’ ತೆಗೆದರೆ ಗೆಳೆಯರು ಇಲ್ಲವೆನ್ನುವಷ್ಟು ಕಡಿಮೆ ಅನ್ನೋ ಕೊರಗು. ‘ಲಿಟಲ್’ಗೂ ಹಾಗೇ. ‘ಎ ಲಿಟಲ್ ವಾಟರ್’ ಅಂದರೆ ಒಂದಿಷ್ಟು ನೀರಿದೆ, ಬರೀ ‘ಲಿಟಲ್ ವಾಟರ್’ ಅಂದರೆ ನೀರು ಸಾಲದು. ಎಣಿಸುವಂಥದ್ದಕ್ಕೆ ಫ್ಯೂ, ಎಣಿಸಲಾಗದ್ದಕ್ಕೆ ಲಿಟಲ್ ಅಂತ ನೀವು ಬರೆದಿರುವುದು ಸರಿಯಾಗೇ ಇದೆ.

ಮುಖ್ಯವಾದದ್ದೊಂದು ಬಿಟ್ಟುಹೋಗಿದೆ. ‘ಕ್ವೈಟ್ ಎ ಫ್ಯೂ’ ಅಂದರೆ ಕೆಲವು ಅಲ್ಲ, ಸಾಕಷ್ಟು! ‘ಕ್ವೈಟ್ ಎ ಫ್ಯೂ ಟೂರಿಸ್ಟ್ಸ್ ವಿಸಿಟ್ ಗೋಲ್ ಗುಂಬಜ್’ ಅಂತ ಬೋರ್ಡ್ ಮೇಲೆ ಬರೆದರೆ, ಜನ ಕಡಿಮೆ ಬರುತ್ತಾರೆ ಅಂತಲೇ ಮಕ್ಕಳು ಓದಿಕೊಳ್ಳುತ್ತಾರೆ. ‘ಫ್ಯೂ’ ಕಂಡ ಕೂಡಲೇ ಕಡಿಮೆ ಅಂತ ಮನಸ್ಸು ಹೋಗುವುದು ಸಹಜ ಅಲ್ವಾ? ಇನ್ನು ದಿನದ ಮಾತಿನಲ್ಲಿ ಬರೀ ‘ಫ್ಯೂ’, ‘ಲಿಟಲ್’ ಬಳಕೆ ಕಡಿಮೆ, ‘ನಾಟ್ ಮೆನಿ’, ‘ನಾಟ್ ಮಚ್’ ಅನ್ನುವುದೇ ಹೆಚ್ಚು.

ದಯವಿಟ್ಟು ಆ ‘ಫ್ಯೂ’ ಸಾಲನ್ನು ತಿದ್ದಿ. ಪರೀಕ್ಷೆಗೆ ಓದುವವರೂ ಇದನ್ನು ನೋಡುತ್ತಾರೆ.