ಗುತ್ತಿಗೆ ಸಿಸ್ಟರ್‌ಗಳನ್ನು ಕಾಯಂ ಮಾಡಬೇಕಾ?

ಪರ

ರಾಯಚೂರಿನ ಬೇಸಿಗೆ ಗೊತ್ತಲ್ಲ. ರಾತ್ರಿ ಹತ್ತಾದರೂ ಗೋಡೆ ಕಾದೇ ಇರುತ್ತದೆ. ಅಂಥ ರಾತ್ರಿ ಎಂಟಕ್ಕೆ ಸರ್ಕಾರಿ ಆಸ್ಪತ್ರೆಯ ವಾರ್ಡಿಗೆ ಹೋದ ಸಿಸ್ಟರ್ ಹೊರಗೆ ಬರುವುದು ಬೆಳಗ್ಗೆ ಎಂಟಕ್ಕೆ. ಸಲೈನ್ ಬಾಟಲಿ ಬದಲಿಸಲು, ಮಗುವಿನ ಕೈಯಲ್ಲಿ ನರ ಹುಡುಕಲು ಕಾಯಂ ಸಿಸ್ಟರ್‌ಗೂ ಗುತ್ತಿಗೆ ಸಿಸ್ಟರ್‌ಗೂ ಒಂದೇ ಕೈಚಳಕ ಬೇಕು. ವ್ಯತ್ಯಾಸ ಗೊತ್ತಾಗುವುದು ಸಂಬಳದ ದಿನ. ಆಮೇಲೆ ಮಾರ್ಚ್‌ನಲ್ಲಿ, ಕರಾರು ಮುಂದುವರಿಯುತ್ತೋ ಇಲ್ವೋ ಅಂತ ಕಾಯುವಾಗ.

ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ 1 ನರ್ಸ್ ಇರಬೇಕು ಅನ್ನುತ್ತದೆ ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ. (ವಾರ್ಡಿನಲ್ಲಿ ಈ ಮಾತು ಹೇಳಿ ನೋಡಿ, ನಗುತ್ತಾರೆ.) "ಇಷ್ಟು ಮಂದಿಯನ್ನು ಒಬ್ಬಳೇ ನೋಡಲಾರೆ" ಅಂತ ಹೇಳಬೇಕಾದವರು ಯಾರು? ಏಪ್ರಿಲ್‌ನಲ್ಲಿ ಕೆಲಸ ಇರುತ್ತೋ ಇಲ್ವೋ ಎಂಬ ಭಯದಲ್ಲಿ ಇರುವವರು ಬಾಯಿ ಬಿಡುವುದಿಲ್ಲ. ಸಂಬಳಕ್ಕಿಂತ ನನಗೆ ಇದೇ ಜಾಸ್ತಿ ಕಾಡುತ್ತದೆ. ಅವರು ಸುಮ್ನಿದ್ದರೆ ಕೊನೆಗೆ ಪೆಟ್ಟು ಬೀಳುವುದು ಮಂಚದ ಮೇಲಿರುವ ರೋಗಿಗೆ.

2023ರಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ರಾಜ್ಯದಲ್ಲಿ ಮುಷ್ಕರ ಮಾಡಿದ್ದೂ ಕಾಯಂ ಮಾಡಿ ಅಂತಲೇ. 2024ರ ಡಿಸೆಂಬರ್‌ನಲ್ಲಿ, ಜಗ್ಗೋ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಕೂಡ ವರ್ಷಗಟ್ಟಲೆ ಕಾಯಂ ಕೆಲಸ ಮಾಡಿಸಿಕೊಂಡು ತಾತ್ಕಾಲಿಕ ಅನ್ನುವುದನ್ನು ಒಪ್ಪಲಿಲ್ಲ.

ವಿರೋಧ

ಈಗ ಸಿಂಧನೂರಿನ ಕಡೆಯ ಒಬ್ಬ ಹುಡುಗಿಯನ್ನು ನೆನೆಸಿಕೊಳ್ಳಿ. ಅಪ್ಪ ಭತ್ತ ಮಾರಿದ ದುಡ್ಡಲ್ಲಿ 3 ವರ್ಷ ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ ಓದಿದ್ದಾಳೆ. ಸರ್ಕಾರಿ ನೇಮಕಾತಿ ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾಯುತ್ತಿದ್ದಾಳೆ. ಆಸ್ಪತ್ರೆಯಲ್ಲಿ ಗುತ್ತಿಗೆ ಕೆಲಸಕ್ಕೆ ಯಾವಾಗ ಕರೆದರು, ಯಾರನ್ನು ತಗೊಂಡರು ಅನ್ನೋದೇ ಅವಳಿಗೆ ತಿಳಿಯಲಿಲ್ಲ. ಒಳಗೆ ಇರುವವರನ್ನೇ ಕಾಯಂ ಮಾಡಿದರೆ ಅವಳ ಪಾಲಿನ ಹುದ್ದೆ ಪರೀಕ್ಷೆ ಇಲ್ಲದೇ ಹೋದ ಹಾಗೆ. ಸಂವಿಧಾನದ 371ಜೆ ವಿಧಿ ಅಂತ 2013ರಲ್ಲಿ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಮೀಸಲಾತಿ ತಂದೆವು, ಹಬ್ಬ ಮಾಡಿದೆವು. ಹುದ್ದೆಗೆ ಅರ್ಜಿಯನ್ನೇ ಕರೆಯದಿದ್ದರೆ ಆ ಮೀಸಲಾತಿ ಅವಳಿಗೆ ಯಾತಕ್ಕೆ?

ಕೋರ್ಟಿನ ಮಾತೇ ಬೇಕಾದರೆ 2006ರ ಉಮಾದೇವಿ ತೀರ್ಪು ಇದೆ. ಅದು ನಮ್ಮ ಕರ್ನಾಟಕದ್ದೇ ಪ್ರಕರಣ. ತಾತ್ಕಾಲಿಕವಾಗಿ ಸೇರಿದ್ದೇ ಕಾಯಂ ಆಗುವ ಹಕ್ಕಲ್ಲ, ಎಲ್ಲರಿಗೂ ತೆರೆದ ನೇಮಕಾತಿ ಬೇಕು ಅಂದಿತ್ತು. ಮಂಜೂರಾದ ಹುದ್ದೆಯಲ್ಲಿ 10 ವರ್ಷ ದುಡಿದವರಿಗೆ ಒಂದು ಸಲದ ವಿನಾಯಿತಿ ಕೊಟ್ಟಿತು, ಅಷ್ಟೇ. ಜಗ್ಗೋ ತೀರ್ಪು ಇದನ್ನು ಅಳಿಸಿಲ್ಲ.

ಹಾಗಂತ ಗುತ್ತಿಗೆಯವರು ಹಾಗೇ ಸವೆಯಲಿ ಅನ್ನುವುದಿಲ್ಲ. ಕಾಯಂ ಸಿಸ್ಟರ್‌ಗೆ ಸಿಗುವ ಸಂಬಳ ಅವರಿಗೆ ನಾಳೆಯಿಂದಲೇ ಸಿಗಲಿ. ನೇಮಕಾತಿ ಕರೆದಾಗ ಅವರ ಸೇವೆಗೆ ಹೆಚ್ಚುವರಿ ಅಂಕ ಕೊಡಲಿ, ವಯಸ್ಸು ಮೀರಿದ್ದರೆ ಸಡಿಲಿಸಲಿ. ಆದರೆ ಪರೀಕ್ಷೆ ಒಂದೇ ಇರಲಿ, ಆ ಹುಡುಗಿಯೂ ಪಕ್ಕದ ಬೆಂಚಲ್ಲಿ ಕೂತು ಬರೆಯಲಿ.

ಸದ್ಯಕ್ಕೆ ಅವಳು ಹಗಲು ಓದುತ್ತಾಳೆ. ರಾತ್ರಿ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ. ಅಲ್ಲೂ ಎಂಟರಿಂದ ಎಂಟು.