ಈ ಸಂದೇಶವನ್ನು ಅಳಿಸಲಾಗಿದೆ

ಹತ್ತು ದಿನ ಕಳೆದರೂ ನನ್ನ ಬಲಗೈ ಹೆಬ್ಬೆರಳಿನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಮಂಗಳವಾರ ರಾತ್ರಿ ಮಲಗುವ ಮುನ್ನ ಮೊಬೈಲನ್ನು ಸ್ವಲ್ಪ ಚೊಕ್ಕಟ ಮಾಡೋಣವೆಂಬ ದುರ್ಬುದ್ಧಿ ಹುಟ್ಟಿ, ಎಂದೋ ಬಂದುಹೋದ ಪಾರ್ಸೆಲ್ಲುಗಳ ಒಟಿಪಿಗಳನ್ನು ಹೊತ್ತು ಬಿದ್ದಿದ್ದ ಒಂದು ಚಾಟಿನ ಮೇಲೆ ಬೆರಳನ್ನು ಒತ್ತಿ ಹಿಡಿಯಲು ಹೋದೆ. ಅದೇ ಕ್ಷಣಕ್ಕೆ ಇನ್ಯಾರದೋ ಸಂದೇಶ ಬಂದು ಪಟ್ಟಿಯ ತಲೆಯಲ್ಲಿ ಕುಳಿತು, ಉಳಿದವರನ್ನೆಲ್ಲ ಒಂದೊಂದು ಮೆಟ್ಟಿಲು ಕೆಳಕ್ಕೆ ತಳ್ಳಿತು. ಮೇಲಿನ ಸಾಲಿನಲ್ಲಿ ಸುಖವಾಗಿದ್ದ ಚಿಕ್ಕಪ್ಪ ನೇರವಾಗಿ ನನ್ನ ಬೆರಳಿನಡಿಗೆ ಇಳಿದು ಬಂದರು. ಕಸದ ಬುಟ್ಟಿಯ ಚಿತ್ರ ಒತ್ತಿದೆ. ‘ಈ ಚಾಟ್ ಅಳಿಸಬೇಕೇ?’ ಎಂದು ಫೋನು ಸಭ್ಯವಾಗಿಯೇ ಕೇಳಿತು. ದಿನಕ್ಕೆ ಇಪ್ಪತ್ತು ಸಲ ಹೀಗೆ ಕೇಳಿ ಕೇಳಿ, ಓದದೆಯೇ ಹೂಂ ಎನ್ನುವ ಅಭ್ಯಾಸವನ್ನು ನಮಗೆಲ್ಲ ಮಾಡಿಸಿರುವುದೂ ಅದೇ ಫೋನು. ಹೂಂ ಎಂದೆ. ನಾಲ್ಕು ವರ್ಷಗಳ ಮಾತುಕತೆ ಸದ್ದಿಲ್ಲದೆ ಹೋಯಿತು, ಒಟಿಪಿಗಳು ಮಾತ್ರ ಕಲ್ಲುಗುಂಡಿನಂತೆ ಇದ್ದಲ್ಲೇ ಇದ್ದವು.

ಚಿಕ್ಕಪ್ಪನ ವಿಷಯವನ್ನು ಸ್ವಲ್ಪ ಹೇಳಲೇಬೇಕು. ಅವರು ಮುದ್ರಣಾಲಯವೊಂದರಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕರಡಚ್ಚು ತಿದ್ದಿದವರು. ನಿವೃತ್ತಿಯ ನಂತರ ತಿದ್ದಲು ಬೇರೇನೂ ಸಿಗದೆ, ತಮ್ಮ ಸಂದೇಶಗಳನ್ನೇ ತಿದ್ದಿಕೊಂಡು ಬದುಕುತ್ತಿದ್ದಾರೆ. ಪ್ರತಿ ರಾತ್ರಿ ತೀರಿಹೋದ ನನ್ನ ಅಪ್ಪನ ಬಾಲ್ಯದ ಕುರಿತು ನನಗೆ ಒಂದೆರಡು ವಾಕ್ಯ ಬರೆದು ಕಳಿಸುವುದು ಅವರ ಪದ್ಧತಿ. ಕಳಿಸಿದ ಮೇಲೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಓದುತ್ತಾರೆ, ಎಲ್ಲೋ ಒಂದು ಅಲ್ಪಪ್ರಾಣ ಮಹಾಪ್ರಾಣವಾಗಿರುವುದು ಕಣ್ಣಿಗೆ ಬೀಳುತ್ತದೆ, ತಕ್ಷಣ ಎಲ್ಲರಿಗೂ ಕಾಣದಂತೆ ಅಳಿಸಿಹಾಕುತ್ತಾರೆ. ಒಮ್ಮೆ ಪರದೆಯ ಮೇಲೆ ‘ಅಣ್ಣ ಭಾವಿಗೆ ಬಿದ್ದ’ ಎಂದು ಮಿಂಚಿತು. ಅಪ್ಪ ಭವಿಷ್ಯತ್ಕಾಲಕ್ಕೆ ಬಿದ್ದದ್ದು ಹೇಗೆಂದು ನಾನು ತೆರೆದು ನೋಡುವಷ್ಟರಲ್ಲಿ ಆ ವಾಕ್ಯವಿದ್ದ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದಿತ್ತು. ಐದು ನಿಮಿಷದ ನಂತರ ‘ಅಣ್ಣ ಈಜು ಕಲಿತದ್ದು ಬಾವಿಗೆ ಬಿದ್ದ ಮೇಲೆ, ಬೀಳುವ ಮೊದಲಲ್ಲ’ ಎಂಬ ನಿರ್ದೋಷವಾದ ವಾಕ್ಯ ಬಂತು. ಅದು ಅವರ ಅದೃಷ್ಟದ ದಿನ. ಅನೇಕ ರಾತ್ರಿ ತಿದ್ದಿದ ಪ್ರತಿ ಬರುವ ಮೊದಲೇ ಅವರಿಗೆ ನಿದ್ದೆ ಬಂದುಬಿಡುತ್ತಿತ್ತು.

ಎಲ್ಲರಿಗೂ ಅಳಿಸುವ ಈ ಸೌಲಭ್ಯ ವಾಟ್ಸ್‌ಆ್ಯಪ್‌ಗೆ ಬಂದದ್ದು 2017ರಲ್ಲಿ. ಆಗ ಕೊಟ್ಟ ಅವಧಿ ಬರೀ 7 ನಿಮಿಷ, ಅಷ್ಟರಲ್ಲಿ ಚಿಕ್ಕಪ್ಪನ ಕನ್ನಡಕವೂ ಸಿಗುತ್ತಿರಲಿಲ್ಲ. 2022ರಲ್ಲಿ ಅದು ಎರಡು ದಿನಗಳನ್ನು ಮೀರಿದಾಗಿನಿಂದ ಅವರು ಮೊನ್ನೆಯ ತಪ್ಪನ್ನೂ ಹುಡುಕಿ ಹಿಡಿದು ಅಳಿಸುತ್ತಾರೆ. ಕಳಿಸಿದ ಸಂದೇಶವನ್ನು 15 ನಿಮಿಷದೊಳಗೆ ತಿದ್ದುವ ಅನುಕೂಲ 2023ರಲ್ಲಿ ಬಂದಾಗ ನಾನು ಹಿಗ್ಗಿ ಅವರಿಗೆ ತೋರಿಸಿಕೊಟ್ಟೆ. ಅದನ್ನು ಎರಡೂ ಕೈಯಿಂದ ದೂರ ಸರಿಸಿದರು. “ತಿದ್ದಿದರೆ ಪಕ್ಕದಲ್ಲಿ ತಿದ್ದಲಾಗಿದೆ ಅಂತ ಹಾಕ್ತದಲ್ಲೋ. ಅಚ್ಚಾದ ಪುಸ್ತಕದಲ್ಲಿ ಹಾಗೆ ಹಾಕಿದ್ದನ್ನು ಎಲ್ಲಾದರೂ ನೋಡಿದ್ದೀಯಾ?” ಎಂದರು. ಅಳಿಸಿದರೂ ಅಳಿಸಲಾಗಿದೆ ಎಂದು ಹಾಕುತ್ತದಲ್ಲ ಎಂಬ ನನ್ನ ವಾದಕ್ಕೆ ಕಿವಿಗೊಡಲಿಲ್ಲ.

ಇಂಥವರ ಚಾಟನ್ನು ನಾನು ಕಳೆದುಕೊಂಡಿದ್ದೆ. ಒಂದೇ ಸಂದೇಶವನ್ನು ನಮಗಷ್ಟೇ ಅಳಿಸಿಕೊಂಡಾಗ, ರದ್ದು ಮಾಡಲು 5 ಸೆಕೆಂಡಿನ ಅವಕಾಶ ಕೊಡುವ ಸೌಜನ್ಯ ಆ ಆ್ಯಪಿಗಿದೆ. ಇಡೀ ಚಾಟನ್ನೇ ಅಳಿಸುವ ಮಹಾನುಭಾವರಿಗೆ ಆ 5 ಸೆಕೆಂಡೂ ಇಲ್ಲ. ಕಂಪನಿಗೆ ಬರೆದು ಅಂಗಲಾಚೋಣವೆಂದರೆ, ತಲುಪಿದ ಸಂದೇಶದ ಪ್ರತಿಯನ್ನು ಅವರ ಸರ್ವರಿನಲ್ಲಿ ಇಟ್ಟಿರುವುದೇ ಇಲ್ಲ, ಕಾಗದವನ್ನು ಬಟವಾಡೆ ಮಾಡಿದ ಮೇಲೆ ಅದರ ನಕಲು ಕೊಡಿ ಎಂದು ಅಂಚೆಯಣ್ಣನನ್ನು ಕೇಳಿದಂತಾಗುತ್ತದೆ. ಗೂಗಲ್ ಡ್ರೈವಿನ ಬ್ಯಾಕಪ್ ನೆನಪಾಯಿತು. ಅಲ್ಲಿ ಉಚಿತವಾಗಿ ಸಿಗುವ 15 ಜಿಬಿ ಜಾಗ ಎಂದೋ ತುಂಬಿಹೋಗಿತ್ತು, ಅದನ್ನು ತಿಳಿಸುವ ಎಚ್ಚರಿಕೆಯನ್ನು ತಿಂಗಳುಗಟ್ಟಲೆ ಪ್ರತಿದಿನ ಬೆಳಗ್ಗೆ ಪಕ್ಕಕ್ಕೆ ಸರಿಸಿದ್ದವನು ನಾನೇ, ಅದೇ ಹೆಬ್ಬೆರಳಿನಿಂದ.

ಬಂದ ಸೂಚನೆಗಳನ್ನು ಒಂದು ದಿನದ ಮಟ್ಟಿಗೆ ನೆನಪಿಡುವ ವ್ಯವಸ್ಥೆಯೊಂದು 11ನೆಯ ಆವೃತ್ತಿಯಿಂದ ಆಂಡ್ರಾಯ್ಡ್‌ನಲ್ಲಿದೆ ಎಂದು ಮಗ ಹೇಳಿದ. ಆಸೆಯಿಂದ ಹುಡುಕಿದರೆ, ಅದನ್ನು ಮೊದಲೇ ಚಾಲೂ ಮಾಡಿಟ್ಟಿರಬೇಕಂತೆ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಈಗ ಚಾಲೂ ಮಾಡಿದ್ದೇನೆ. ಬ್ಯಾಟರಿ ಚಾರ್ಜ್ ಆಯಿತೆಂಬ ಸುದ್ದಿಯನ್ನು ಅದು ಬಹಳ ನಿಷ್ಠೆಯಿಂದ ಕಾಪಾಡುತ್ತಿದೆ.

ಬುಧವಾರವಿಡೀ ನುಂಗಿದ್ದು ಅಳಿಸಿದ್ದನ್ನು ಮರಳಿ ತರುತ್ತೇವೆಂದು ಬೀಗುವ ತಂತ್ರಾಂಶವೊಂದು. ಫೋನಿಗೆ ತಂತಿ ಚುಚ್ಚಿಸಿಕೊಂಡು ಮೂರು ಗಂಟೆ ಹಸಿರು ಪಟ್ಟಿ ಓಡಿಸಿ, ಸಾವಿರಾರು ವಸ್ತುಗಳು ದೊರೆತಿವೆ ಎಂದು ಘೋಷಿಸಿತು. ದೊರೆತವು ಯಾವುವೆಂದರೆ, ಉಗುರಿನಷ್ಟು ಗಾತ್ರದ ಚಿತ್ರಗಳು, ಯಾವುದೋ ಆ್ಯಪಿನ ಗುಂಡಿಗಳ ಬಣ್ಣಗಳು, ಮತ್ತು ಒಂದು ಅಳುವ ಮುಖದ ಇಮೋಜಿ. ಅದು ನನ್ನದೇ ಇರಬೇಕು. ಪೂರ್ತಿ ನೋಡಬೇಕಾದರೆ ಹಣ ಕಟ್ಟಿ ಎಂದಿತು. ನಿಜಸ್ಥಿತಿಯೇನೆಂದರೆ, ಪ್ರತಿಯೊಂದು ಆ್ಯಪೂ ತನ್ನ ದತ್ತಾಂಶವನ್ನು ತನ್ನ ಖಾಸಗಿ ಕೋಣೆಯಲ್ಲಿಟ್ಟು ಬೀಗ ಹಾಕಿಕೊಂಡಿರುತ್ತದೆ, ಹೊರಗಿನ ತಂತ್ರಾಂಶಕ್ಕೆ ಅಲ್ಲಿ ಪ್ರವೇಶವಿಲ್ಲ. ಮೊಗಸಾಲೆಯನ್ನು ಗುಡಿಸಿ ತೋರಿಸಿ, ದೇವರ ಕೋಣೆಯ ನಿಧಿ ಸಿಕ್ಕಿದೆ ಎನ್ನುವ ಈ ಕಸುಬಿಗೆ ಮೂರು ಗಂಟೆ ತಲೆಬಾಗಿ ಕುಳಿತಿದ್ದೆನಲ್ಲ ಎಂಬುದು ಈಗಲೂ ಉರಿಯುತ್ತದೆ.

“ಚಿಕ್ಕಜ್ಜನ ಫೋನಿನಲ್ಲಿ ಎಲ್ಲ ಇರುತ್ತಲ್ಲಪ್ಪಾ, ಕೇಳಿ,” ಎಂದ ಮಗ. ಅದು ನನಗೂ ಹೊಳೆದಿತ್ತು, ಧೈರ್ಯ ಬಂದಿರಲಿಲ್ಲ. ಕೊನೆಗೆ, ನಿಮ್ಮ ಸಂದೇಶಗಳನ್ನೆಲ್ಲ ಅಚಾತುರ್ಯದಿಂದ ಅಳಿಸಿದ್ದೇನೆ, ಶಮಿಸಿ, ನಿಮ್ಮಲ್ಲಿರುವುದನ್ನು ದಯವಿಟ್ಟು ಕಳಿಸಿ ಎಂದು ಬರೆದೆ. ಉತ್ತರ ಎರಡು ಕಂತಿನಲ್ಲಿ ಬಂತು. ಮೊದಲನೆಯದು: “ಕ್ಷಮಿಸಿ.” ಅವರೇಕೆ ಕ್ಷಮೆ ಕೇಳುತ್ತಿದ್ದಾರೆಂದು ಕಣ್ಣು ಒದ್ದೆ ಮಾಡಿಕೊಂಡಿದ್ದೆ, ಆಮೇಲೆ ಅದು ನನ್ನ ಕಾಗುಣಿತದ ತಿದ್ದುಪಡಿ ಎಂದು ತಿಳಿಯಿತು. ಎರಡನೆಯದು: “ಮೂರು ದಿನ ಕಳೆದದ್ದನ್ನೆಲ್ಲ ನಾನು ಅಳಿಸಿಯೇಬಿಡುವುದು. ಅಚ್ಚಿಗೆ ಹೋದ ಮೇಲೆ ಕರಡನ್ನು ಯಾರು ಇಟ್ಟುಕೊಳ್ಳುತ್ತಾರೋ?”

ಗುರುವಾರ ರಾತ್ರಿ ಗೊತ್ತಾಯಿತು, ಉತ್ತರ ನನ್ನ ಫೋನಿನಲ್ಲೇ ಇತ್ತು. ಬೆಳಗಿನ ಜಾವ 2 ಗಂಟೆಗೆ, ನಾವು ಗೊರಕೆ ಹೊಡೆಯುತ್ತಿರುವಾಗ, ವಾಟ್ಸ್‌ಆ್ಯಪ್ ತನ್ನ ಪಾಡಿಗೆ ಫೋನಿನೊಳಗೇ ಒಂದು ಪ್ರತಿ ತೆಗೆದಿಡುತ್ತದೆ, ಕಳೆದ ಏಳು ದಿನಗಳ ಪ್ರತಿಗಳವರೆಗೆ ಅಲ್ಲಿ ಉಳಿದಿರುತ್ತವೆ. ಮಂಗಳವಾರದ ಕಡತ ಹುಡುಕಿ, ಮೊದಲು ಎಲ್ಲವನ್ನೂ ಕಂಪ್ಯೂಟರಿಗೆ ನಕಲು ಮಾಡಿದೆ. ಹೆಬ್ಬೆರಳಿನ ಮೇಲೆ ನಂಬಿಕೆ ಹೋದವನು ಇಷ್ಟಾದರೂ ಮಾಡಬೇಡವೇ! ಕಡತದ ಹೆಸರಿನಿಂದ ತಾರೀಖನ್ನು ಕಿತ್ತು, ಕೊನೆಯಲ್ಲಿರುವ ಕ್ರಿಪ್ಟ್ ಎಂಬುದನ್ನೂ ಅದರ ಅಂಕಿಯನ್ನೂ ಮುಟ್ಟದೆ, ಆ್ಯಪನ್ನು ತೆಗೆದು, ಮತ್ತೆ ಹಾಕಿ, ಕಡತವನ್ನು ಅದರ ಜಾಗದಲ್ಲಿಟ್ಟು, ಮರುಸ್ಥಾಪಿಸು ಎಂಬುದನ್ನು ತೋರುಬೆರಳಿನಿಂದ ಒತ್ತಿದೆ. ಇದಕ್ಕೆ ತೆರಬೇಕಾದ ಸುಂಕವೊಂದಿದೆ: ಆ ಪ್ರತಿಯ ನಂತರ ಬಂದದ್ದೆಲ್ಲ ಹೋಗುತ್ತದೆ. ಮೂರು ದಿನಗಳಲ್ಲಿ ಲೋಕ ನನಗೆ ಹೇಳಿದ್ದೆಲ್ಲ ಮಾಯವಾಯಿತು, ಇದುವರೆಗೆ ಯಾರಿಂದಲೂ ಆಕ್ಷೇಪಣೆ ಬಂದಿಲ್ಲ.

ಚಿಕ್ಕಪ್ಪನ ಚಾಟ್ ಮರಳಿ ಬಂತು. ನಡುಗುವ ಕೈಯಿಂದ ತೆರೆದೆ. ಈ ಸಂದೇಶವನ್ನು ಅಳಿಸಲಾಗಿದೆ. ಮೇಲಕ್ಕೆ ಸರಿಸಿದೆ. ಈ ಸಂದೇಶವನ್ನು ಅಳಿಸಲಾಗಿದೆ. ಈ ಸಂದೇಶವನ್ನು ಅಳಿಸಲಾಗಿದೆ. ನಡುವೆ ‘ಅಣ್ಣನಿಗೆ ಕತ್ತಲೆಂದರೆ ಭಯ, ಅದಕ್ಕೇ ನನ್ನನ್ನು ಮುಂದೆ ಬಿಟ್ಟು ನಡೆಯುತ್ತಿದ್ದ’ ಎಂಬ ಒಂದು ಸಾಲು. ಮತ್ತೆ ಈ ಸಂದೇಶವನ್ನು ಅಳಿಸಲಾಗಿದೆ. ಮೂರು ದಿನ ಹೆಣಗಾಡಿ ನಾನು ಮರಳಿ ಪಡೆದುಕೊಂಡದ್ದರಲ್ಲಿ ಅರ್ಧಕ್ಕರ್ಧ, ಸಂದೇಶಗಳು ಇಲ್ಲ ಎಂಬ ಸಂದೇಶಗಳು. ಕನ್ನಡದಲ್ಲಿ ಅಳಿಸು ಎಂಬುದಕ್ಕೆ ಒರೆಸಿಹಾಕು ಎಂಬ ಅರ್ಥವೂ ಇದೆ, ಅಳುವಂತೆ ಮಾಡು ಎಂಬ ಅರ್ಥವೂ ಇದೆ. ಆ ರಾತ್ರಿ ಎರಡೂ ಅರ್ಥ ಒಟ್ಟಿಗೆ ನೆರವೇರಿದವು. ಉಳಿದ ಅರ್ಧದಲ್ಲಿ, ನಾನು ನೋಡಿರದ ಅಪ್ಪ, ಕತ್ತಲಲ್ಲಿ ತಮ್ಮನ ಬೆನ್ನಿಗೆ ಅಂಟಿಕೊಂಡು ನಡೆಯುವ ಹುಡುಗ, ಇದ್ದ. ಅವನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಮರುದಿನ ಚಾಟನ್ನು ಪಠ್ಯವಾಗಿ ಹೊರತೆಗೆದು ಕಾಗದದ ಮೇಲೆ ಮುದ್ರಿಸಿ, ಭಾನುವಾರ ಚಿಕ್ಕಪ್ಪನ ಮುಂದಿಟ್ಟೆ. ಕಾಗದ ಕಂಡದ್ದೇ ತಡ, ಅವರು ಕೆಂಪು ಪೆನ್ನು ತರಿಸಿದರು. ನಿನ್ನೆ ಆ ಕಟ್ಟು ನನಗೆ ಮರಳಿ ಬಂದಿದೆ. ಎಷ್ಟೋ ಕಡೆ ‘ಅಳಿಸಲಾಗಿದೆ’ ಎಂಬ ಸಾಲಿಗೆ ಗೀಟು ಹಾಕಿ, ಅಲ್ಲಿ ಏನಿತ್ತೆಂಬುದನ್ನು ಅಂಚಿನಲ್ಲಿ ನೆನಪಿನಿಂದ, ಕಾಗುಣಿತದ ದೋಷವಿಲ್ಲದೆ ಬರೆದಿದ್ದಾರೆ. ಕೆಲವು ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆ. ಏಳನೆಯ ಪುಟದಲ್ಲಿ ಮಾತ್ರ, ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬುದರ ಸುತ್ತ ದೊಡ್ಡದೊಂದು ಕೆಂಪು ವೃತ್ತ ಎಳೆದು, ಪಕ್ಕದಲ್ಲಿ ಬರೆದಿದ್ದಾರೆ: “ಕರ್ಮಣಿ ಪ್ರಯೋಗ ಅನಗತ್ಯ. ಕರ್ತೃ ಯಾರು?”