ಬೂಸ್ಟ್ ಎಷ್ಟು ಅಂತ ಮಾತ್ರ ಬರೆದರೆ ಸಾಲದು

ಕಳೆದ ಮಳೆಗಾಲದ ಆರಂಭ. ವರ್ಷದ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ್ದವು. ಪೆರ್ಲ ಕಡೆಯ ಹುಡುಗನೊಬ್ಬ ಬದಿಯಡ್ಕದ ನನ್ನ ಅಂಗಡಿಗೆ ಒಂದು ಪ್ರೊಸೆಸರ್ ತಂದ. ಅವನದು ಯಕ್ಷಗಾನ ಚಿತ್ರೀಕರಣದ ಕೆಲಸ. ಇಡೀ ರಾತ್ರಿಯ ಆಟವನ್ನು ನಾಲ್ಕು ಕ್ಯಾಮೆರಾದಲ್ಲಿ ಹಿಡಿದು, ಎಡಿಟ್ ಮಾಡಿ, ಆಟ ಆಡಿಸಿದವರಿಗೆ ಕೊಡಬೇಕು. ಹಳೆಯ ಕಂಪ್ಯೂಟರಿನಲ್ಲಿ ಒಂದು ಆಟದ ವಿಡಿಯೊ ತಯಾರಾಗುವಾಗ ಮತ್ತೆರಡು ಆಟ ಮುಗಿದಿರುತ್ತದೆ. ಹಾಗಾಗಿ ಮುಂದಿನ ತಿರುಗಾಟಕ್ಕೆ ಮೊದಲು ಒಂದು ಗಟ್ಟಿ ಮೆಷಿನ್ ಕಟ್ಟಬೇಕು ಅಂತ ಅವನ ಆಸೆ. ಆನ್‌ಲೈನಿನಲ್ಲಿ ಯಾರೋ ಮಾರುತ್ತಿದ್ದ ಸೆಕೆಂಡ್ ಹ್ಯಾಂಡ್ ಝಿಯಾನ್ (ಇಂಟೆಲ್‌ನ ಸರ್ವರ್ ಪ್ರೊಸೆಸರ್) ಒಂದನ್ನು ಕಡಿಮೆಗೆ ಸಿಕ್ಕಿತು ಅಂತ ತರಿಸಿಕೊಂಡಿದ್ದ.

ಅದನ್ನು ಕೈಯಲ್ಲಿ ಹಿಡಿದು ನೋಡಿದೆ. ಮೇಲಿನ ಲೋಹದ ಮುಚ್ಚಳದಲ್ಲಿ ಮಾಡೆಲ್ ಹೆಸರು ಇರಬೇಕಾದ ಜಾಗದಲ್ಲಿ ‘ಇಂಟೆಲ್ ಕಾನ್ಫಿಡೆನ್ಶಿಯಲ್’ ಅಂತ ಇತ್ತು. ಅದರ ಕೆಳಗೆ ಕ್ಯೂ ಅಕ್ಷರದಿಂದ ಶುರುವಾಗುವ ನಾಲ್ಕಕ್ಷರದ ಕೋಡ್. ಅಂದರೆ ಅದು ಇಂಜಿನಿಯರಿಂಗ್ ಸ್ಯಾಂಪಲ್. ಪ್ರೊಸೆಸರ್ ಮಾರುಕಟ್ಟೆಗೆ ಬರುವ ಮೊದಲು ಮದರ್‌ಬೋರ್ಡ್ ಮತ್ತು ಸರ್ವರ್ ಮಾಡುವ ಕಂಪನಿಗಳಿಗೆ ಪರೀಕ್ಷೆಗೆ ಕೊಡುವ ಚಿಪ್.

‘ಅಣ್ಣಾ, ಇದು 2.9 ಬೂಸ್ಟ್ ಉಂಟಂತೆ, ಜನ ತಾವು ಅಳೆದದ್ದನ್ನು ಸೇರಿಸಿ ಮಾಡಿದ ಪಟ್ಟಿಯಲ್ಲಿ ನೋಡಿದೆ’ ಅಂದ. ಬೂಸ್ಟ್ ಅಂದರೆ ಕೆಲಸ ಬಿದ್ದಾಗ ಚಿಪ್ ತನ್ನ ಮೂಲ ವೇಗ ಮೀರಿ ಓಡುವ ವೇಗ, ಗಿಗಾಹರ್ಟ್ಸ್ ಲೆಕ್ಕದಲ್ಲಿ. ಮಾರುಕಟ್ಟೆಗೆ ಬಂದ ಇ5-2680 ವಿ4 ಎಂಬ ಝಿಯಾನ್ ಕೂಡ ಇದರಂತೆ 14 ಕೋರಿನದ್ದೇ, ಅಂದರೆ ಒಂದೇ ಚಿಪ್ಪಿನೊಳಗೆ ಬೇರೆ ಬೇರೆಯಾಗಿ ದುಡಿಯುವ 14 ಘಟಕ. ಎಲ್ಲಾ ಕೋರ್ ಒಟ್ಟಿಗೆ ದುಡಿಯುವಾಗ ಅದು 2.9 ಗಿಗಾಹರ್ಟ್ಸ್‌ನಲ್ಲಿ ಓಡುತ್ತದೆ. ಹಾಗಾದರೆ ಎರಡೂ ಒಂದೇ ಅಂತ ಅವನ ಲೆಕ್ಕ.

ಬೋರ್ಡಿಗೆ ಹಾಕಿ ಅಳೆದೆವು. ಒಂದೇ ಕೋರಿಗೆ ಕೆಲಸ ಕೊಟ್ಟಾಗ 2.9 ಬಂತು. ಹದಿನಾಲ್ಕಕ್ಕೂ ಕೊಟ್ಟಾಗ 2.3. ಅವನಿಗೆ ಬೇಕಾದ ಕೆಲಸವನ್ನೇ, ಅಂದರೆ ವಿಡಿಯೊ ಎನ್‌ಕೋಡಿಂಗನ್ನೇ ಹಾಕಿದಾಗ 2.1ಕ್ಕೆ ಇಳಿಯಿತು. ಹುಡುಗನ ಮುಖ ನೋಡಲಾಗಲಿಲ್ಲ.

ಪಟ್ಟಿಯಲ್ಲಿದ್ದ 2.9 ಸುಳ್ಳಲ್ಲ. ಅಳೆದವನು ಕಂಡದ್ದನ್ನೇ ಬರೆದಿದ್ದಾನೆ. ಆದರೆ ಎಷ್ಟು ಕೋರ್ ಓಡುತ್ತಿತ್ತು, ಯಾವ ಕೆಲಸ ಕೊಟ್ಟಿದ್ದ ಅಂತ ಬರೆದಿರಲಿಲ್ಲ. ಅಷ್ಟು ಬರೆಯದೇ ಇದ್ದದ್ದಕ್ಕೆ ಒಬ್ಬ ಹುಡುಗನ ಒಂದು ತಿರುಗಾಟದ ದುಡ್ಡು ಹೋಯಿತು. ಅವತ್ತಿನಿಂದ ಇದು ನನ್ನ ತಲೆಯಲ್ಲಿ ಕೊರೆಯುತ್ತಿದೆ.

ಬೂಸ್ಟ್ ಅಂದರೆ ಒಂದು ಸಂಖ್ಯೆ ಅಲ್ಲ, ಒಂದು ಮೆಟ್ಟಿಲ ಸಾಲು. ಸ್ವಲ್ಪ ಕೋರ್ ದುಡಿಯುವಾಗ ವೇಗ ಜಾಸ್ತಿ, ಹೆಚ್ಚು ಕೋರ್ ಎದ್ದಂತೆ ಒಂದೊಂದೇ ಮೆಟ್ಟಿಲು ಕೆಳಗೆ. ಕೆಲಸದ ಜಾತಿಯಿಂದಲೂ ಬದಲಾಗುತ್ತದೆ. 2017ರಲ್ಲಿ ಬಂದ ಝಿಯಾನ್ ಪ್ಲಾಟಿನಮ್ 8180ನ್ನೇ ತೆಗೆದುಕೊಳ್ಳಿ. 28 ಕೋರ್, ಮೂಲ ವೇಗ 2.5, ಗರಿಷ್ಠ ಬೂಸ್ಟ್ 3.8. ಎಲ್ಲಾ ಕೋರ್ ಓಡಿದರೆ 3.2. ಎವಿಎಕ್ಸ್-512 ಎಂಬ ಭಾರದ ಲೆಕ್ಕಾಚಾರ ಎಲ್ಲಾ ಕೋರಿಗೂ ಬಿದ್ದರೆ 2.3. ಅದೇ ಚಿಪ್, ಅದೇ ದಿನ. 3.8 ಅಂದವನೂ 2.3 ಅಂದವನೂ ಸತ್ಯವನ್ನೇ ಹೇಳುತ್ತಾನೆ. ಕಂಪನಿಯ ಸಾಮಾನ್ಯ ಮಾಹಿತಿ ಪುಟದಲ್ಲಿ ಮೂಲ ವೇಗ ಮತ್ತು ಗರಿಷ್ಠ ವೇಗ ಮಾತ್ರ ಎದ್ದು ಕಾಣುತ್ತದೆ. ನಡುವಿನ ಮೆಟ್ಟಿಲು ಬೇಕಾದರೆ ದಪ್ಪ ದಪ್ಪ ದಾಖಲೆ ಹುಡುಕಬೇಕು. ಬಿಡುಗಡೆಯೇ ಆಗದ ಚಿಪ್ಪಿಗೆ ಅದೂ ಇಲ್ಲ. ಅದಕ್ಕೇ ಜನ ತಮ್ಮ ಕೈಯಲ್ಲಿರುವುದನ್ನು ಅಳೆದು ಒಟ್ಟು ಸೇರಿಸುವುದು ನನಗೆ ಇಷ್ಟ. ನಮ್ಮಂಥ ಸಣ್ಣ ಅಂಗಡಿಯವರಿಗೆ, ಆ ಹುಡುಗನಂಥವರಿಗೆ ಬೇರೆ ದಾರಿ ಎಲ್ಲುಂಟು?

ಸ್ಯಾಂಪಲಿನ ಅಂಕಿಯನ್ನು ನೋಡಿ ಕೊನೆಯ ಚಿಪ್ ಹೀಗೇ ಇರುತ್ತದೆ ಅಂತ ತೀರ್ಪು ಕೊಡುವುದು ಇನ್ನೊಂದು ತಪ್ಪು. ಇಂಟೆಲಿನ ಪ್ರತಿಸ್ಪರ್ಧಿ ಎಎಮ್‌ಡಿಯ 64 ಕೋರಿನ ಸರ್ವರ್ ಚಿಪ್ ಎಪಿಕ್, ರೋಮ್ ಅಂತ ಕರೆಯುವ ತಲೆಮಾರು, 2019ರ ಆಗಸ್ಟಿನಲ್ಲಿ ಬಂತು. ಅದಕ್ಕೆ ಮುಂಚೆ ಹೊರಬಿದ್ದ ಒಂದು ಸ್ಯಾಂಪಲಿನ ಕೋಡಿನ ಕೊನೆಯಲ್ಲಿ 22/14 ಅಂತ ಇತ್ತು. ಬೂಸ್ಟ್ 2.2, ಮೂಲ 1.4 ಅಂತ ಅರ್ಥ. ಕೊನೆಗೆ ಬಂದ 7742ರಲ್ಲಿ ಮೂಲ ವೇಗವೇ 2.25, ಬೂಸ್ಟ್ 3.4. ಸ್ಯಾಂಪಲ್ ಓಡಿ ಮುಟ್ಟಿದ ಜಾಗಕ್ಕಿಂತ ಮುಂದೆ ನಿಂತು ಕೊನೆಯ ಚಿಪ್ ಓಟ ಶುರು ಮಾಡಿತ್ತು! ಮೊದಲ ಹಂತದ ಸ್ಯಾಂಪಲಿನಲ್ಲಿ ವೇಗವನ್ನು ತಗ್ಗಿಸಿಯೇ ಇಟ್ಟಿರುತ್ತಾರೆ. ಬೋರ್ಡ್ ಸರಿಯಾಗಿ ಏಳುತ್ತದಾ, ಮೆಮೊರಿ ಸಿಗುತ್ತದಾ ಅಂತ ನೋಡಲಿಕ್ಕೆ ಅಷ್ಟು ಸಾಕು. ಬಿಡುಗಡೆಯ ಹೊತ್ತಿಗೆ ಬರುವ ಕ್ವಾಲಿಫಿಕೇಶನ್ ಸ್ಯಾಂಪಲ್ ಮಾತ್ರ ಅಂಗಡಿಯ ಚಿಪ್ಪಿಗೆ ತುಂಬಾ ಹತ್ತಿರ ಇರುತ್ತದೆ. ಎರಡನ್ನೂ ಒಂದೇ ಪಟ್ಟಿಯಲ್ಲಿ, ಒಂದೇ ಕಾಲಮಿನಲ್ಲಿ ಹಾಕಿದರೆ ಓದುವವನಿಗೆ ಎಂತ ಗೊತ್ತಾಗಬೇಕು?

ಲೆಕ್ಕ ಇಡುವುದು ಅಂದರೆ ನನಗೆ ಅಪ್ಪನ ಮಳೆ ಪುಸ್ತಕ ನೆನಪಾಗುತ್ತದೆ. ನಮ್ಮ ಕಡೆ ಅಡಿಕೆ ತೋಟದವರಲ್ಲಿ ಮಳೆಮಾಪಕ ಇಟ್ಟವರು ಬಹಳ ಜನ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಊರು ಇದು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲಿಕ್ಕೆ ಮಳೆಯ ಲೆಕ್ಕ ಬೇಕು. ಅಪ್ಪ ಬೆಳಿಗ್ಗೆ ಎಂಟೂವರೆಗೆ ಕೊಡೆ ಹಿಡಿದು ಅಂಗಳದ ಆಚೆ ಹೋಗಿ ಅಳೆಯುತ್ತಾರೆ. ಹವಾಮಾನ ಇಲಾಖೆಯ ಹೊತ್ತೂ ಅದೇ. ಪುಸ್ತಕದಲ್ಲಿ ಅಂಕಿಯ ಬದಿಗೆ ಸಣ್ಣ ಅಕ್ಷರದ ಟಿಪ್ಪಣಿಗಳಿವೆ. ‘ತೆಂಗಿನ ಮಡಲು ಬಿದ್ದು ಮಾಪಕ ವಾಲಿತ್ತು.’ ‘ಮದುವೆಗೆ ಹೋಗಿದ್ದೆ, ಎರಡು ದಿನದ್ದು ಒಟ್ಟಿಗೆ.’ ಒಂದು ದಿನ ಮಾಪಕ ತುಂಬಿ ಹೊರಗೆ ಚೆಲ್ಲಿತ್ತು. ಅಲ್ಲಿ ಅಂಕಿಯೇ ಇಲ್ಲ, ‘ಇದಕ್ಕಿಂತ ಜಾಸ್ತಿ’ ಅಂತ ಮಾತ್ರ ಇದೆ. ಇಪ್ಪತ್ತು ವರ್ಷದ ಹಿಂದಿನ ಆ ಅಂಕಿಗಳನ್ನು ನಾನು ಇವತ್ತೂ ನಂಬುತ್ತೇನೆ ಅಂದರೆ ಆ ಟಿಪ್ಪಣಿಗಳಿಂದಾಗಿ.

ಪ್ರೊಸೆಸರ್ ಅಳೆಯುವವರ ಹತ್ತಿರ ನಾನು ಕೇಳುವುದೂ ಅಂಥದ್ದೇ ಟಿಪ್ಪಣಿ. ಲಿನಕ್ಸಿನಲ್ಲಿ ಟರ್ಬೋಸ್ಟ್ಯಾಟ್ ಅಂತ ಒಂದು ಸಾಧನ ಇದೆ, ಅದನ್ನು ಬಳಸಿ. ಅದರಲ್ಲಿ ಎರಡು ವೇಗ ಕಾಣುತ್ತದೆ. ಒಂದು ಸರಾಸರಿ, ಕೋರ್ ಸುಮ್ನೆ ಕೂತ ಹೊತ್ತನ್ನೂ ಸೇರಿಸಿದ್ದು. ಇನ್ನೊಂದು ದುಡಿಯುವ ಹೊತ್ತಿನದ್ದು ಮಾತ್ರ. ನಮಗೆ ಬೇಕಾದದ್ದು ಎರಡನೆಯದು. ಇದನ್ನು ಅದಲುಬದಲು ಮಾಡಿ ‘ನನ್ನ ಚಿಪ್ 1.4ರಲ್ಲೇ ನಿಂತಿದೆ’ ಅಂತ ಗಾಬರಿಯಾದವರನ್ನು ಕಂಡಿದ್ದೇನೆ. ಒಂದು ಕೋರ್, ಎರಡು, ನಾಲ್ಕು, ಎಂಟು, ಕೊನೆಗೆ ಎಲ್ಲಾ ಅಂತ ಮೆಟ್ಟಿಲು ಮೆಟ್ಟಿಲಾಗಿ ಅಳೆಯಿರಿ. ಪ್ರತಿ ಮೆಟ್ಟಿಲಲ್ಲೂ ಕೆಲವು ನಿಮಿಷ ಕಾಯಿರಿ. ಶುರುವಿನ ಕೆಲವು ಸೆಕೆಂಡಿನ ವೇಗ ನಿಲ್ಲುವ ವೇಗ ಅಲ್ಲ, ಪವರ್ ಮಿತಿ ಬಂದಾಗ ಇಳಿಯುತ್ತದೆ.

ಬಯೋಸಿನಲ್ಲಿ (ಕಂಪ್ಯೂಟರ್ ಏಳುವಾಗ ಮೊದಲು ಓಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಸಿ6 ಎಂಬ ನಿದ್ರೆಯ ಸ್ಥಿತಿ ಆಫ್ ಆಗಿದೆಯಾ ಅಂತಲೂ ನೋಡಿ. ಉಳಿದ ಕೋರ್‌ಗಳು ಸರಿಯಾಗಿ ಮಲಗದಿದ್ದರೆ ಇಂಟೆಲ್ ಚಿಪ್ ಅವನ್ನೂ ಎದ್ದವರ ಲೆಕ್ಕಕ್ಕೆ ಹಿಡಿಯುತ್ತದೆ, ಒಂಟಿ ಕೋರಿನ ಬೂಸ್ಟ್ ಬರುವುದೇ ಇಲ್ಲ. ನಾನೇ ಇದರಲ್ಲಿ ಒಂದು ಇಡೀ ಮಧ್ಯಾಹ್ನ ಕಳೆದಿದ್ದೇನೆ. ಸ್ಟೆಪ್ಪಿಂಗ್ (ಚಿಪ್ಪಿನ ಪರಿಷ್ಕರಣೆಯ ಗುರುತು), ಮೈಕ್ರೋಕೋಡ್ (ಚಿಪ್ಪಿನೊಳಗಿನ ಸೂಚನೆಗಳ ಕೋಡ್), ಬಯೋಸ್ ಆವೃತ್ತಿ, ಕೂಲರ್, ಕೋಣೆಯ ಬಿಸಿ, ಎಲ್ಲಾ ಬರೆಯಿರಿ. ಹೊಸ ಬಯೋಸ್ ಹಾಕಿದ ಮೇಲೆ ಸ್ಯಾಂಪಲ್ ಏಳದೇ ಹೋದರೆ ಅದನ್ನೂ ಬರೆಯಿರಿ. ಹಾಗಾಗುವುದು ಹೊಸತಲ್ಲ, ಹಳೆ ಸ್ಯಾಂಪಲಿಗೆ ಬೇಕಾದ ಮೈಕ್ರೋಕೋಡನ್ನು ಹೊಸ ಬಯೋಸಿನಿಂದ ತೆಗೆದಿರುತ್ತಾರೆ. ಏಳದ ಚಿಪ್ಪಿನ ಸುದ್ದಿಯೂ ದುಡ್ಡು ಉಳಿಸುತ್ತದೆ.

ಒಂದು ಮಾತು ನೇರವಾಗಿ ಹೇಳುತ್ತೇನೆ. ಈ ಸ್ಯಾಂಪಲ್‌ಗಳು ಕಂಪನಿಯ ಸೊತ್ತು, ಸಾಲಕ್ಕೆ ಕೊಟ್ಟದ್ದು, ಮಾರಲಿಕ್ಕಲ್ಲ ಅಂತ ಇಂಟೆಲ್ ಹೇಳುತ್ತದೆ. ಬೆಂಗಳೂರಿನಲ್ಲಿ ಇಂಥ ಚಿಪ್ ಕೈಯಲ್ಲಿ ಹಿಡಿದು ಕೆಲಸ ಮಾಡುವ ನಮ್ಮೂರ ಮಕ್ಕಳಿದ್ದಾರೆ. ಗುಟ್ಟು ಕಾಯುತ್ತೇವೆ ಅಂತ ಸಹಿ ಹಾಕಿದವರು ಅವರು. ಹಬ್ಬಕ್ಕೆ ಊರಿಗೆ ಬಂದಾಗ ‘ಹೊಸದು ಎಷ್ಟು ಓಡ್ತದೆ, ಹೇಳು ಮಾರಾಯ’ ಅಂತ ಅವರನ್ನು ಕಾಡಬೇಡಿ. ಒಂದು ಅಂಕಿಗಾಗಿ ಯಾರದ್ದೋ ಕೆಲಸ ಹೋಗುವುದು ನನಗೆ ಬೇಡ. ಆ ಅಂಕಿ ಪಟ್ಟಿಗೆ ಬರುವುದೂ ಬೇಡ. ಗೊತ್ತಿಲ್ಲದೆ ಇಂಥದ್ದನ್ನು ಕೊಂಡು ಕೈಸುಟ್ಟುಕೊಂಡವರು ಸಾಕಷ್ಟು ಜನ ಇದ್ದಾರೆ, ಅವರು ಅಳೆದರೆ ಸಾಕು.

ಪೆರ್ಲದ ಹುಡುಗನ ಚಿಪ್ಪಿನದ್ದು ಎಲ್ಲಾ ಮೆಟ್ಟಿಲಿನ ಅಂಕಿಯನ್ನೂ ಟಿಪ್ಪಣಿ ಸಮೇತ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ, ಫೋಟೊ ಕೆಳಗೆ ಹಾಕುತ್ತೇನೆ. ಮಂಜೇಶ್ವರ, ಉಪ್ಪಳ, ಕುಂಬಳೆ, ಮುಳ್ಳೇರಿಯ ಕಡೆ ಯಾರ ಹತ್ತಿರವಾದರೂ ಮುಚ್ಚಳದ ಮೇಲೆ ಮಾಡೆಲ್ ಹೆಸರಿಲ್ಲದ ಸರ್ವರ್ ಚಿಪ್ ಇದ್ದರೆ ಅಂಗಡಿಗೆ ತನ್ನಿ. ಸಂಜೆ ಆರರ ನಂತರ ಬೆಂಚು ಖಾಲಿ ಇರುತ್ತದೆ. ದುಡ್ಡು ಬೇಡ. ಎರಡು ಗಂಟೆ ಕೂತು ಒಟ್ಟಿಗೆ ಅಳೆಯೋಣ.